ಭಾಗಿಸಿದರೆ ಜಾಸ್ತಿ ಹೇಗಾಯಿತು ಟೀಚರ್? ಏಳನೇ ತರಗತಿಯ ಪಾಠ, ಚಟುವಟಿಕೆ ಬಗ್ಗೆ ನಿಮ್ಮ ಸಲಹೆ ಬೇಕು

ಏಳನೇ ಕ್ಲಾಸ್ ಟೀಚರ್ (ತುಮಕೂರು ಜಿಲ್ಲೆ)
ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ, ವಿಜ್ಞಾನ ಎರಡನ್ನೂ ತೆಗೆದುಕೊಳ್ಳುತ್ತೇನೆ. ಒಟ್ಟು 23 ಮಕ್ಕಳು. ಬರುವ ಏಪ್ರಿಲ್ ಕಳೆದರೆ ಎಲ್ಲರೂ ಟಿಸಿ ತಗೊಂಡು ಪಕ್ಕದ ಊರಿನ ಹೈಸ್ಕೂಲಿಗೆ ಹೋಗುತ್ತಾರೆ. ನನ್ನ ಕೈಯಲ್ಲಿ ಇರುವುದು ಇದೊಂದೇ ವರ್ಷ.

ಇವತ್ತು ಭಿನ್ನರಾಶಿಗಳ ಭಾಗಾಕಾರ ಮಾಡುತ್ತಿದ್ದೆ. ಬೋರ್ಡಿನ ಮೇಲೆ 2 ÷ 1/4 ಬರೆದು, ಎರಡನೆಯದನ್ನು ತಿರುಗಿಸಿ ಗುಣಿಸಿ, ಉತ್ತರ 8 ಅಂದೆ. ಹಿಂದಿನ ಸಾಲಿನಲ್ಲಿ ಕೂರುವ ಒಂದು ಹುಡುಗಿ ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಅವಳು ಎದ್ದು ನಿಂತು, "ಟೀಚರ್, ಭಾಗಿಸಿದರೆ ಕಡಿಮೆ ಆಗಬೇಕಲ್ವಾ? ಜಾಸ್ತಿ ಹೇಗಾಯಿತು?" ಅಂತ ಕೇಳಿದಳು. ಗಂಟೆ ಹೊಡೆಯುವ ಹೊತ್ತು. ನಾನು "ಭಿನ್ನರಾಶಿಗೆ ನಿಯಮ ಹಾಗೇ ಇರೋದಮ್ಮ, ಕೂತ್ಕೋ" ಅಂದುಬಿಟ್ಟೆ. ಅವಳು ಕೂತಳು. ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿದೆ. ಅವಳು ಕೇಳಿದ ಮೊದಲ ಪ್ರಶ್ನೆಗೆ ನಾನು ಉತ್ತರವನ್ನೇ ಕೊಡಲಿಲ್ಲ.

ಎರಡು ವಿಷಯ ಕೇಳಬೇಕಿತ್ತು. ಇದನ್ನು ಕೈಯಲ್ಲಿ ಮುಟ್ಟಿ ನೋಡುವ ಹಾಗೆ ಹೇಗೆ ತೋರಿಸುವುದು? ಇನ್ನೊಂದು, ಐದು ಮಕ್ಕಳು ಇನ್ನೂ ತಡವರಿಸಿ ಓದುತ್ತಾರೆ. ಲೆಕ್ಕ ಬರುತ್ತದೆ, ಲೆಕ್ಕದ ವಾಕ್ಯ ಓದಲು ಬರುವುದಿಲ್ಲ. ಪೋರ್ಷನ್ ಓಡಿಸುತ್ತಾ ಇವರನ್ನು ಹೇಗೆ ಜೊತೆಗೆ ಕರೆದುಕೊಂಡು ಹೋಗುವುದು?

ಹೈಸ್ಕೂಲ್ ಗಣಿತ ಮೇಷ್ಟ್ರು
ಸೋಮವಾರ, ರಾತ್ರಿ 9:48

ಮೇಡಂ, ಆ ಹುಡುಗಿಯನ್ನು ನಾಳೆ ಮತ್ತೆ ಎಬ್ಬಿಸಿ ಅದೇ ಪ್ರಶ್ನೆ ಕೇಳಿಸಿ. ನನ್ನ ಬಳಿ ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಮಂದಿಗೆ "ತಿರುಗಿಸಿ ಗುಣಿಸಬೇಕು" ಅನ್ನೋದು ನೆನಪಿರುತ್ತದೆ. ಯಾವುದನ್ನು ತಿರುಗಿಸಬೇಕು ಅನ್ನೋದು ಮರೆತಿರುತ್ತದೆ. ಕೆಲವರು ಮೊದಲನೆಯದನ್ನು ತಿರುಗಿಸುತ್ತಾರೆ, ಕೆಲವರು ಎರಡನ್ನೂ. ಯಾಕೆ ತಿರುಗಿಸುತ್ತೇವೆ ಅಂತ ಗೊತ್ತಿದ್ದರೆ ಈ ಗೊಂದಲವೇ ಬರುವುದಿಲ್ಲ.

ತೊಂದರೆ ಇರುವುದು ಭಾಗಾಕಾರ ಅಂದರೆ ಹಂಚುವುದು ಅಂತ ನಾವು ಮೂರನೇ ತರಗತಿಯಿಂದ ಹೇಳಿಕೊಂಡು ಬಂದಿರುವುದರಲ್ಲಿ. 12 ಲಾಡು, 4 ಜನ, ತಲೆಗೆ 3. ಸರಿ. ಆದರೆ ಕಾಲು ಜನಕ್ಕೆ ಹಂಚುವುದು ಹೇಗೆ? ಮಗು ಅಲ್ಲೇ ನಿಂತುಬಿಡುತ್ತದೆ. ಭಾಗಾಕಾರಕ್ಕೆ ಇನ್ನೊಂದು ಅರ್ಥ ಇದೆ, ಅಳೆಯುವುದು. 12ರಲ್ಲಿ 4 ಎಷ್ಟು ಸಲ ಹಿಡಿಯುತ್ತದೆ? 2 ಲೀಟರಿನಲ್ಲಿ ಕಾಲು ಲೀಟರ್ ಎಷ್ಟು ಸಲ ಹಿಡಿಯುತ್ತದೆ? ಅಳತೆ ಚಿಕ್ಕದಾದಷ್ಟೂ ಎಣಿಕೆ ಜಾಸ್ತಿ ಆಗಲೇಬೇಕು. ಇಷ್ಟನ್ನು ಮಕ್ಕಳು ಕಣ್ಣಾರೆ ನೋಡಿದರೆ ಸಾಕು.

ವಿಜ್ಞಾನ ಮಾಸ್ತರು (ಹಾವೇರಿ ಕಡೆ)
ಸೋಮವಾರ, ರಾತ್ರಿ 10:25

ಮೇಲಿನ ಸರ್ ಹೇಳಿದ್ದಕ್ಕೆ ಒಂದು ಸಲಕರಣೆ ನಿಮ್ಮ ಶಾಲೆಯಲ್ಲೇ ಇದೆ ಅಕ್ಕೋರೆ. ಕ್ಷೀರಭಾಗ್ಯದ ಲೋಟ. 2013ರ ಆಗಸ್ಟ್‌ನಿಂದ ನಮ್ಮ ಮಕ್ಕಳು ಹಾಲು ಕುಡಿಯುತ್ತಿದ್ದಾರೆ. 18 ಗ್ರಾಂ ಪುಡಿ, ಒಂದು ಮಗುವಿಗೆ 150 ಮಿಲಿ ಹಾಲು. ಈ 150 ಮಿಲಿಯೇ ನನ್ನ ಭಿನ್ನರಾಶಿ ಪಾಠ.

150 ಮಿಲಿ ಅಂದರೆ ಲೀಟರಿನ ಎಷ್ಟು ಭಾಗ? 150/1000, ಸಂಕ್ಷೇಪಿಸಿದರೆ 3/20. ಈಗ ಬಿಸಿಯೂಟದ ಕೋಣೆಯಿಂದ ದೊಡ್ಡ ಪಾತ್ರೆ ತಂದು 3 ಲೀಟರ್ ನೀರು ಹಾಕಿ. ನೀರೇ ಸಾಕು, ಹಾಲು ಚೆಲ್ಲುವುದು ಬೇಡ. ಒಂದೊಂದೇ ಲೋಟ ಅಳೆದು ತೆಗೆಯಲಿ. ಸರಿಯಾಗಿ 20 ಲೋಟ ಬರುತ್ತದೆ. ಅಂದರೆ 3 ÷ 3/20 = 20. ಲೋಟ ಚಿಕ್ಕದು, ಎಣಿಕೆ ದೊಡ್ಡದು.

ಆಮೇಲೆ ನಿಜವಾದ ಪಾಠ ಶುರು. ಪಾತ್ರೆಯಲ್ಲಿ ಒಂದೇ ಲೀಟರ್ ಹಾಕಿ. ಆರು ಲೋಟ ತುಂಬುತ್ತದೆ, 100 ಮಿಲಿ ಉಳಿಯುತ್ತದೆ. ಆ ಉಳಿದದ್ದು ಏಳನೇ ಲೋಟದ ಎಷ್ಟು ಭಾಗ? 150ರಲ್ಲಿ 100, ಅಂದರೆ ಮೂರರಲ್ಲಿ ಎರಡು ಭಾಗ. ಆರು ಲೋಟ, ಮತ್ತೆ ಮೂರರಲ್ಲಿ ಎರಡು. ಇದನ್ನೇ ವಿಷಮ ಭಿನ್ನರಾಶಿಯಾಗಿ ಬರೆಯಿರಿ ಅನ್ನಿ. 20/3! ತಿರುಗಿಸಿದ ಭಿನ್ನರಾಶಿ ಮಕ್ಕಳ ಕಣ್ಣ ಮುಂದೆಯೇ ಬಂದು ಕೂತಿತು. ಒಂದು ಲೀಟರಿಗೆ 20/3 ಲೋಟ, ಹಾಗಾದರೆ 3 ಲೀಟರಿಗೆ ಅದರ ಮೂರು ಪಟ್ಟು. ತಿರುಗಿಸಿ ಗುಣಿಸುವುದು ಅಂದರೆ ಇಷ್ಟೇ.

ಒಂದು ಎಚ್ಚರಿಕೆ. ಸ್ಟೀಲ್ ಲೋಟದಲ್ಲಿ 150 ಮಿಲಿ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಅಳೆದು ಗುರುತು ಹಾಕಿಕೊಳ್ಳಿ. ನಾನು ಮೊದಲ ಸಲ ಅಂದಾಜಿನ ಮೇಲೆ ಮಾಡಿ ಹದಿನೇಳೇ ಲೋಟ ಬಂತು. ಪಾಠವೆಲ್ಲ ಕೆಟ್ಟುಹೋಯಿತು.

ಇಬ್ಬರು ಮಕ್ಕಳ ಅಮ್ಮ (ದಾವಣಗೆರೆ)
ಮಂಗಳವಾರ, ಬೆಳಿಗ್ಗೆ 7:02

ಓದಿ ಖುಷಿಯಾಯಿತು. ಆದರೂ ತಾಯಿಯಾಗಿ ನನ್ನ ಆತಂಕ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನನ್ನ ಮಗ ಏಳನೇ ತರಗತಿ. ಅವನ ಶಾಲೆಯಲ್ಲಿ "ಚಟುವಟಿಕೆ" ಅಂದರೆ ನಮಗೆ ಖರ್ಚು. ಹೋದ ತಿಂಗಳು ಮೂರು ವಿಷಯಕ್ಕೆ ಮೂರು ಪ್ರಾಜೆಕ್ಟ್. ಥರ್ಮಾಕೋಲ್, ಬಣ್ಣ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿದ್ದು, ಎಲ್ಲ ಸೇರಿ 600 ರೂಪಾಯಿ ದಾಟಿತು. ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದವಳು ನಾನು. ಹೃದಯದ ಮಾದರಿಗೆ ಅವನಿಗೆ ಒಳ್ಳೆ ಅಂಕ ಬಂತು. ಹೃದಯಕ್ಕೆ ಎಷ್ಟು ಕೋಣೆ ಅಂತ ಕೇಳಿದರೆ ಅವನಿಗೆ ಗೊತ್ತಿಲ್ಲ.

ಇದರ ಬದಲು ಪಾಠ ಓದಿಸಿ, ಲೆಕ್ಕ ಮಾಡಿಸಿ, ಕಾಪಿ ತಿದ್ದಿ ಕೊಟ್ಟರೆ ಸಾಕು ಅನ್ನಿಸಿಬಿಟ್ಟಿದೆ.

ನಿವೃತ್ತ ಮುಖ್ಯ ಶಿಕ್ಷಕ
ಮಂಗಳವಾರ, ಬೆಳಿಗ್ಗೆ 8:15

ತಾಯಿ, ನೀವು ಹೇಳಿದ್ದು ಸರಿ. ನೀವು ಕಂಡದ್ದು ಚಟುವಟಿಕೆ ಅಲ್ಲ, ಅಲಂಕಾರ. ಮಾಡುತ್ತಾ ಮಗುವಿಗೆ ಒಂದು ಹೊಸ ಪ್ರಶ್ನೆಯಾದರೂ ಹುಟ್ಟದಿದ್ದರೆ ಅದನ್ನು ಮಾಡಿಸಲೇಬಾರದು. ನಾನು ಸೇವೆಯಲ್ಲಿದ್ದಾಗ ಒಂದು ಕಟ್ಟುನಿಟ್ಟು ಇಟ್ಟಿದ್ದೆ: ಅಂಗಡಿಯಿಂದ ತಂದದ್ದು ಯಾವುದೂ ಬೇಡ, ಮತ್ತು ಶಾಲೆಯ ಸಮಯದಲ್ಲೇ ಮುಗಿಯಬೇಕು. ಮನೆಗೆ ಹೋದ ಪ್ರಾಜೆಕ್ಟು ಅಪ್ಪ ಅಮ್ಮಂದಿರದ್ದಾಗುತ್ತದೆ.

ಏಳನೇ ತರಗತಿಗೆ ನಮ್ಮಲ್ಲಿ ಯಾವಾಗಲೂ ಒಂದು ತೂಕ ಇತ್ತು. ನಮ್ಮ ತಂದೆ ಧಾರವಾಡ ಸೀಮೆಯಲ್ಲಿ ಮುಲ್ಕಿ ಪಾಸಾದವರು. ಆ ಕಾಲದಲ್ಲಿ ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ನೌಕರಿ ಸಿಗುತ್ತಿತ್ತು. ಅವರಿಗೆ ಗುಂಟೆ, ಎಕರೆ, ಬಡ್ಡಿ ಲೆಕ್ಕ, ಅರ್ಜಿ ಬರೆಯುವುದು ಎಲ್ಲ ಬರುತ್ತಿತ್ತು. ಊರಿನವರ ಪತ್ರ ಬರೆದು ಕೊಡುವವರು ಅವರೇ. ನಾನು ಓದುವಾಗಲೂ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಆ ಭಯ ಮತ್ತೆ ಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಏಳನೇ ತರಗತಿ ಮುಗಿಸಿದ ಮಗು ಒಂದು ಅರ್ಜಿ ಬರೆಯಬಲ್ಲದು, ಒಂದು ಬಿಲ್ಲು ಲೆಕ್ಕ ಹಾಕಬಲ್ಲದು ಅನ್ನುವ ಧೈರ್ಯ ಊರಿಗೆ ಇತ್ತಲ್ಲ, ಅದು ಬೇಕು.

ಕಾಸರಗೋಡಿನ ಯುಪಿ ಶಾಲೆ ಟೀಚರ್
ಮಂಗಳವಾರ, ಮಧ್ಯಾಹ್ನ 1:30

ಗಡಿಯಾಚೆಯಿಂದ ನಮಸ್ಕಾರ. ನಮ್ಮ ಕೇರಳದಲ್ಲಿ 1ರಿಂದ 4 ಎಲ್‌ಪಿ (ಕಿರಿಯ ಪ್ರಾಥಮಿಕ), 5ರಿಂದ 7 ಯುಪಿ (ಹಿರಿಯ ಪ್ರಾಥಮಿಕ). ಹಾಗಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಏಳನೇ ತರಗತಿಯೇ ಕೊನೆಯ ವರ್ಷ. ಇಲ್ಲಿ ಏಳರಲ್ಲಿ ಒಂದು ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಚುರುಕಾದ ನಾಲ್ಕೈದು ಮಕ್ಕಳನ್ನು ಆರಿಸಿ ಬೆಳಿಗ್ಗೆ ಬೇಗ ಕೂರಿಸಿ ತಯಾರು ಮಾಡುತ್ತೇವೆ. ಉಳಿದವರು ಹೊರಗೆ ಆಡುತ್ತಿರುತ್ತಾರೆ. ನನಗೆ ಇದು ಯಾವಾಗಲೂ ನೋವು.

ಓದುವ ವಿಷಯಕ್ಕೆ ಒಂದು ಮಾತು. ನಮ್ಮ ಮಕ್ಕಳ ಮನೆಮಾತು ತುಳು, ಕೆಲವರದ್ದು ಮಲಯಾಳ, ಮರಾಠಿ. ಪುಸ್ತಕದ ಕನ್ನಡ ಅವರಿಗೆ ಹೊಸ ಭಾಷೆಯೇ. ನಾನು ಲೆಕ್ಕದ ವಾಕ್ಯವನ್ನು ಮೊದಲು ಅಭಿನಯಿಸಿ ತೋರಿಸಲು ಹೇಳುತ್ತೇನೆ. ಒಬ್ಬ ಅಂಗಡಿಯವ, ಒಬ್ಬ ಗಿರಾಕಿ. ಆಮೇಲೆ ಅವರದೇ ಮಾತಲ್ಲಿ ಆ ಲೆಕ್ಕವನ್ನು ಹೇಳಬೇಕು. ಕೊನೆಗೆ ಪುಸ್ತಕದ ವಾಕ್ಯ. ಈ ಕ್ರಮದಲ್ಲಿ ಹೋದರೆ ಓದುವ ಭಯ ಅರ್ಧ ಇಳಿಯುತ್ತದೆ.

ನಲಿಕಲಿ ಟೀಚರ್ (ಮೈಸೂರು ಜಿಲ್ಲೆ)
ಮಂಗಳವಾರ, ಸಂಜೆ 6:40

ಓದಲು ಬಾರದ ಐದು ಮಕ್ಕಳ ಬಗ್ಗೆ ನನಗೂ ಹೇಳಲಿಕ್ಕಿದೆ. ಈಗ ಏಳನೇ ತರಗತಿಯಲ್ಲಿರುವವರು 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಇನ್ನೂ ಪುಟ್ಟ ಮಕ್ಕಳು. ಕಾಗುಣಿತ ಗಟ್ಟಿಯಾಗುವ ಹೊತ್ತಿಗೇ ಶಾಲೆ ಇಲ್ಲ. ಚಿಕ್ಕ ತರಗತಿಗಳಿಗೆ ಆಡುತ್ತಾ ಕಲಿಸುವ ನಲಿಕಲಿಯಲ್ಲಿ ಮಕ್ಕಳು ಹಂತಹಂತವಾಗಿ ಹತ್ತುವ ಕಲಿಕಾ ಏಣಿಯ ಮಧ್ಯದ ಮೆಟ್ಟಿಲುಗಳೇ ಕಳಚಿಹೋದವು. ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅನ್ನುವ ಯೋಜನೆಯಲ್ಲಿ ಮರದ ಕೆಳಗೆ, ಜಗಲಿಯ ಮೇಲೆ ಕೂರಿಸಿ ಕಲಿಸಲು ನೋಡಿದೆವು. 2022-23ರಲ್ಲಿ ಬಿಟ್ಟುಹೋದ ಕಲಿಕೆ ತುಂಬಲು ಕಲಿಕಾ ಚೇತರಿಕೆ ಅಂತ ಇಡೀ ವರ್ಷ ಕೊಟ್ಟರು. ಅದರಿಂದ ತುಂಬಾ ಮಕ್ಕಳು ಮೇಲೆ ಬಂದರು. ಬಾರದೇ ಉಳಿದವರೇ ನಿಮ್ಮ ಆ ಐದು ಮಂದಿ. ದಯವಿಟ್ಟು ಅವರನ್ನು ದಡ್ಡರು ಅಂತ ಅಂದುಕೊಳ್ಳಬೇಡಿ.

ನಾವು ಮಾಡಿದ್ದು ಇದು. ದಿನವೂ ಊಟದ ನಂತರ 20 ನಿಮಿಷ ನಮ್ಮ ಶಾಲೆಯ ಅಂಥ ದೊಡ್ಡ ಮಕ್ಕಳನ್ನು ನನ್ನ ಒಂದು, ಎರಡನೇ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳಲು ಕಳಿಸುತ್ತಿದ್ದರು. ದೊಡ್ಡ ಅಕ್ಷರದ ಪುಟ್ಟ ಕಥೆಗಳು. ತಮ್ಮ ಕ್ಲಾಸಿನಲ್ಲಿ ಅಂಥ ಪುಸ್ತಕ ಹಿಡಿಯಲು ಅವರಿಗೆ ನಾಚಿಕೆ. ಇಲ್ಲಿ ಅವರು "ಅಣ್ಣ", "ಅಕ್ಕ". ಓದಿ ಹೇಳಬೇಕಲ್ಲ ಅಂತ ಹಿಂದಿನ ದಿನವೇ ನಾಲ್ಕು ಸಲ ಓದಿಕೊಂಡು ಬರುತ್ತಿದ್ದರು. ದೀಪಾವಳಿ ಹೊತ್ತಿಗೆ ಅವರಲ್ಲಿ ಮೂವರು ಪ್ರಾರ್ಥನೆಯಲ್ಲಿ ಪೇಪರ್ ಓದಲು ನಿಂತರು.

ಏಳನೇ ಕ್ಲಾಸ್ ಟೀಚರ್ (ತುಮಕೂರು ಜಿಲ್ಲೆ)
ಬುಧವಾರ, ರಾತ್ರಿ 8:55

ಇವತ್ತು ಲೋಟದ ಪಾಠ ಮಾಡಿದೆ! ಹಾವೇರಿ ಸರ್ ಹೇಳಿದ ಹಾಗೆ ಲೋಟಕ್ಕೆ ಮೊದಲೇ ಗುರುತು ಹಾಕಿಕೊಂಡೆ. ಬಿಸಿಯೂಟದ ಅಕ್ಕ ಕೂಡ ಬಾಗಿಲಲ್ಲಿ ನಿಂತು ಎಣಿಸಿದರು. ಅಳೆಯಲು ಆ ಹಿಂದಿನ ಸಾಲಿನ ಹುಡುಗಿಯನ್ನೇ ಕರೆದೆ. ಮೊದಲು ಎಲ್ಲರ ಮುಂದೆ, "ಮೊನ್ನೆ ನೀನು ಕೇಳಿದ್ದು ಒಳ್ಳೆ ಪ್ರಶ್ನೆ, ನಾನು ಸರಿಯಾಗಿ ಉತ್ತರ ಹೇಳಲಿಲ್ಲ" ಅಂದೆ. ಅವಳ ಮುಖ ನೋಡಬೇಕಿತ್ತು.

ಒಂದು ಲೀಟರಿನ ಭಾಗದಲ್ಲಿ ಉಳಿದ ನೀರನ್ನು ಹೆಚ್ಚಿನವರು "100 ಮಿಲಿ, ಅಂದರೆ 1/10" ಅಂದರು. ಲೀಟರಿನಲ್ಲಿ ಅದು 1/10 ಹೌದು. ಆದರೆ ಲೋಟದಲ್ಲಿ ಎಷ್ಟು ಅಂತ ಕೇಳಿದಾಗ ಕ್ಲಾಸು ಸುಮ್ಮನಾಯಿತು. ಸುಮಾರು ಐದು ನಿಮಿಷ ಗಲಾಟೆ. ಕೊನೆಗೆ ಒಬ್ಬ ಹುಡುಗ 50 ಮಿಲಿಯ ಔಷಧಿ ಮುಚ್ಚಳ ಅಂದುಕೊಳ್ಳಿ, ಲೋಟಕ್ಕೆ ಮೂರು ಮುಚ್ಚಳ, ಉಳಿದದ್ದು ಎರಡು ಮುಚ್ಚಳ ಅಂತ ಲೆಕ್ಕ ಹೇಳಿದ. ಅವನು ಓದಲು ತಡವರಿಸುವ ಐವರಲ್ಲಿ ಒಬ್ಬ. ಒಂದೇ ನೀರಿಗೆ ಎರಡು ಹೆಸರು, ಯಾವುದರ ಭಾಗ ಅನ್ನೋದರ ಮೇಲೆ ಹೆಸರು ಬದಲಾಗುತ್ತದೆ ಅನ್ನೋದು ಇವತ್ತು ಅವರಿಗೆ ಸಿಕ್ಕಿತು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಎರಡು ಪೀರಿಯಡ್ ಹೋಯಿತು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಹತ್ತಿರ ಬರುತ್ತಿದೆ. ಆದರೂ ಹೋಗಲಿ ಅನ್ನಿಸಿತು.

ಹೈಸ್ಕೂಲ್ ಗಣಿತ ಮೇಷ್ಟ್ರು
ಬುಧವಾರ, ರಾತ್ರಿ 9:20

ಎರಡು ಪೀರಿಯಡ್ ಅಲ್ಲ ಮೇಡಂ, ಎಂಟನೇ ತರಗತಿಯಲ್ಲಿ ನನ್ನ ಎರಡು ವಾರ ಉಳಿಸಿದಿರಿ. ರೂಪಣಾತ್ಮಕ ಮೌಲ್ಯಮಾಪನ ಇರುವುದೇ ಇದಕ್ಕೆ. ಆ ಹುಡುಗ ಮುಚ್ಚಳದ ಲೆಕ್ಕ ಹೇಳಿದನಲ್ಲ, ಅದನ್ನೇ ನಿಮ್ಮ ದಾಖಲೆಯಲ್ಲಿ ಬರೆಯಿರಿ.

ಸೊಪ್ಪಿನ ವ್ಯಾಪಾರ ಮಾಡುವ ಅಪ್ಪ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯ
ಗುರುವಾರ, ರಾತ್ರಿ 9:05

ನಾನು ಓದಿರುವುದು ಏಳನೇ ಕ್ಲಾಸು. ಟೀಚರ್‌ಗಳ ಮಧ್ಯೆ ಮಾತಾಡಲು ಸಂಕೋಚ ಆಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಶಾಲೆಯಲ್ಲಿ ಹೋದ ವರ್ಷ ಮೆಟ್ರಿಕ್ ಮೇಳ, ಅಂದರೆ ಮಕ್ಕಳ ಸಂತೆ ಮಾಡಿದರು. ನನ್ನ ಮಗಳು ಮೆಂತ್ಯ ಸೊಪ್ಪು ಇಟ್ಟಳು. ನನ್ನಿಂದಲೇ ಕಟ್ಟಿಗೆ 8 ರೂಪಾಯಿಯಂತೆ 10 ಕಟ್ಟು ತಗೊಂಡಳು. ದುಡ್ಡು ಕೊಟ್ಟೇ ತಗೋಬೇಕು ಅಂತ ಅವಳ ಟೀಚರ್ ಹೇಳಿದ್ದರು. 12ಕ್ಕೆ ಮಾರಿದರೆ 40 ಲಾಭ ಅಂತ ಹಿಂದಿನ ರಾತ್ರಿಯೇ ಕಾಪಿಯಲ್ಲಿ ಬರೆದಿಟ್ಟಿದ್ದಳು.

ಏಳು ಕಟ್ಟು 12ರಂತೆ ಹೋಯಿತು. ಮಧ್ಯಾಹ್ನದ ಬಿಸಿಲಿಗೆ ಉಳಿದ ಮೂರು ಬಾಡಿತು. ಐದೈದು ರೂಪಾಯಿಗೆ ಕೊಟ್ಟಳು. ಬಂದದ್ದು 99, ಲಾಭ 19. ಮನೆಗೆ ಬಂದು ಅಳು. ನಾನು ಹೇಳಿದೆ, ದಿನವೂ ನಿಮ್ಮಪ್ಪನದು ಇದೇ ಲೆಕ್ಕ ಮಗಳೇ ಅಂತ. ಮಾರನೇ ದಿನ ಟೀಚರ್ ಅವಳ ಲೆಕ್ಕವನ್ನೇ ಬೋರ್ಡಿಗೆ ತಂದು ಶೇಕಡ ಲಾಭ ತೆಗೆಸಿದರು. 80ಕ್ಕೆ 19, ಅಂದರೆ 23.75. ಮಂಡಕ್ಕಿ ಇಟ್ಟಿದ್ದ ಹುಡುಗರಿಗೆ 60 ರೂಪಾಯಿ ಲಾಭ ಅಂತ ಹೆಮ್ಮೆ. ಈರುಳ್ಳಿ, ನಿಂಬೆಹಣ್ಣು, ಎಣ್ಣೆ ಮನೆಯಿಂದ ತಂದದ್ದು ಲೆಕ್ಕಕ್ಕೆ ಬರೆದಿರಲಿಲ್ಲ. ಅದನ್ನು ಸೇರಿಸಿದಾಗ ನಷ್ಟ ಬಂತಂತೆ. ಅವತ್ತಿನಿಂದ ನನ್ನ ಮಗಳು ಸಂಜೆ ನನ್ನ ಚೀಟಿ ಲೆಕ್ಕ ನೋಡುತ್ತಾಳೆ. ಸಾಗಾಣಿಕೆ ಖರ್ಚು ಬರೆದಿಲ್ಲ ಅಂತ ನನ್ನನ್ನೇ ತಿದ್ದುತ್ತಾಳೆ.

ಇಬ್ಬರು ಮಕ್ಕಳ ಅಮ್ಮ (ದಾವಣಗೆರೆ)
ಗುರುವಾರ, ರಾತ್ರಿ 9:40

ಅಣ್ಣಾ, ಕಣ್ಣಲ್ಲಿ ನೀರು ಬಂತು. ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಥರ್ಮಾಕೋಲ್ ಬೇಡ, ಈ ಥರದ್ದು ಮಾಡಿ ಅಂತ ಕೇಳಬಹುದಾ? ವಿಜ್ಞಾನಕ್ಕೂ ಇಂಥದ್ದೇ ಏನಾದರೂ ಇದ್ದರೆ ಹೇಳಿ, ನಾನೇ ಕೇಳುತ್ತೇನೆ.

ವಿಜ್ಞಾನ ಮಾಸ್ತರು (ಹಾವೇರಿ ಕಡೆ)
ಗುರುವಾರ, ರಾತ್ರಿ 10:30

ಖಂಡಿತ ಕೇಳಿ ತಂಗಿ. ಎರಡು ಹೇಳುತ್ತೇನೆ, ಎರಡಕ್ಕೂ ದುಡ್ಡು ಬೇಡ.

ಆಮ್ಲ, ಪ್ರತ್ಯಾಮ್ಲ ಪಾಠಕ್ಕೆ ಪೂಜೆಯ ತಟ್ಟೆ ಸಾಕು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡುತ್ತಾರಲ್ಲ, ಯಾಕೆ ಕೆಂಪಾಗುತ್ತದೆ ಅಂತ ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ಸುಣ್ಣ ಪ್ರತ್ಯಾಮ್ಲ, ಅರಿಶಿನ ಸೂಚಕ. ಆ ಕೆಂಪು ನೀರಿಗೆ ಮಗು ನಿಂಬೆರಸ ಹಿಂಡುತ್ತಾ ಹೋಗಲಿ. ಒಂದು ಹನಿಗೆ ಮತ್ತೆ ಹಳದಿ! ಅದೇ ತಟಸ್ಥೀಕರಣ. ಆಮೇಲೆ ದಾಸವಾಳದ ಎಸಳು ಬಿಸಿನೀರಲ್ಲಿ ನೆನೆಹಾಕಿದ ರಸ. ಹುಳಿಗೆ ಕಡು ಗುಲಾಬಿ, ಸೋಪಿನ ನೀರಿಗೆ ಹಸಿರು. ನಮ್ಮ ಮಕ್ಕಳು ಮನೆಯಲ್ಲಿದ್ದ ಮಜ್ಜಿಗೆ, ಹುಣಸೆ, ಅಡುಗೆ ಸೋಡಾ, ಬಟ್ಟೆ ಸೋಪು ಎಲ್ಲವನ್ನೂ ಪರೀಕ್ಷೆ ಮಾಡಿಕೊಂಡು ಬಂದರು. ಸುಣ್ಣ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ, ಕಣ್ಣಿಗೆ ಬಿದ್ದರೆ ಅಪಾಯ.

ಇನ್ನೊಂದು ಲೋಲಕ. ದಾರಕ್ಕೆ ಕಲ್ಲು ಕಟ್ಟಿ ಕಿಟಕಿ ಸರಳಿಗೆ ನೇತುಹಾಕಿ. ದಾರ 1 ಮೀಟರ್ ಇದ್ದರೆ 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್. ಈಗ ದೊಡ್ಡ ಕಲ್ಲು ಕಟ್ಟಿದರೆ ಏನಾಗುತ್ತದೆ ಅಂತ ಮೊದಲೇ ಕೈ ಎತ್ತಿಸಿ. ಇಡೀ ಕ್ಲಾಸು ಬೇಗ ಆಡುತ್ತದೆ ಅನ್ನುತ್ತದೆ. ಆಡುವುದಿಲ್ಲ, ಅದೇ 40. ಅಳೆದದ್ದು ತಪ್ಪಾಯಿತು ಅಂತ ಮಕ್ಕಳು ಮತ್ತೆ ಅಳೆಯುತ್ತಾರೆ, ಮೂರು ಸಲ, ನಾಲ್ಕು ಸಲ. ಅಳೆಯಲಿ, ತಡೆಯಬೇಡಿ. ಆಮೇಲೆ ದಾರವನ್ನು ಕಾಲು ಮೀಟರಿಗೆ ಇಳಿಸಿ. ಸಮಯವೂ ಕಾಲಿಗೆ ಇಳಿಯುತ್ತದೆ ಅಂದುಕೊಂಡಿರುತ್ತಾರೆ. ಅರ್ಧಕ್ಕೆ ನಿಲ್ಲುತ್ತದೆ, ಸುಮಾರು 20 ಸೆಕೆಂಡ್. ಯಾಕೆ ಅನ್ನುವುದಕ್ಕೆ ಉತ್ತರ ಮುಂದಿನ ತರಗತಿಗಳಲ್ಲಿದೆ. ಪ್ರಶ್ನೆ ತಗೊಂಡು ಹೋಗಲಿ.

ನಿವೃತ್ತ ಮುಖ್ಯ ಶಿಕ್ಷಕ
ಶುಕ್ರವಾರ, ಬೆಳಿಗ್ಗೆ 7:50

ಭಾಷೆ, ಸಮಾಜ ವಿಜ್ಞಾನದ ಟೀಚರ್‌ಗಳು ಸುಮ್ಮನಿದ್ದೀರಿ, ನಾನೇ ಒಂದು ಸೇರಿಸುತ್ತೇನೆ. ನಮ್ಮ ಶಾಲೆಯಲ್ಲಿ ಏಳನೇ ತರಗತಿಯವರಿಂದ ಊರ ಕೆರೆಯ ಕಥೆ ಬರೆಸಿದ್ದೆವು. ಹಳಬರನ್ನು ಮಾತಾಡಿಸಿ, ತೂಬು ಎಲ್ಲಿತ್ತು, ಕೋಡಿ ಕೊನೆಗೆ ಹರಿದದ್ದು ಯಾವಾಗ, ನೀರುಗಂಟಿ ಯಾರಿದ್ದರು, ಅವರಿಗೆ ಕೂಲಿಯಾಗಿ ಎಷ್ಟು ಕಾಳು ಕೊಡುತ್ತಿದ್ದರು ಅಂತ ಕೇಳಿ ಬಂದರು. ಇಪ್ಪತ್ತೆರಡು ಪುಟದ ಕೈಬರಹದ ಪುಸ್ತಕ ಆಯಿತು. ಅದನ್ನು ಹಿಡಿದು ಮಕ್ಕಳ ಗ್ರಾಮಸಭೆಗೆ ಹೋದರು. ಕಾಲುವೆ ಹೂಳು ತೆಗೆಸಿ ಅಂತ ಅರ್ಜಿ ಬರೆದದ್ದು ಒಬ್ಬ ಹುಡುಗಿ. ಮೂರು ಸಲ ತಿದ್ದಿ ಬರೆದಳು. ತಿದ್ದುವಾಗ ನಾನು ವ್ಯಾಕರಣ ಬೇರೆಯಾಗಿ ಹೇಳಿಕೊಡಲೇ ಇಲ್ಲ. ಓದುವವರಿಗೆ ತಿಳಿಯಬೇಕಲ್ಲ ಅಂತ ಅವಳೇ ವಾಕ್ಯ ಸರಿಮಾಡಿಕೊಂಡಳು. ಆ ಪುಸ್ತಕ ಈಗಲೂ ಶಾಲೆಯ ಬೀರುವಿನಲ್ಲಿದೆ.

ಏಳನೇ ಕ್ಲಾಸ್ ಟೀಚರ್ (ತುಮಕೂರು ಜಿಲ್ಲೆ)
ಶನಿವಾರ, ಮಧ್ಯಾಹ್ನ 2:15

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ನಮ್ಮ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿದೆ. ಸೋಮವಾರದಿಂದ ಐದೂ ಮಕ್ಕಳು ಊಟದ ನಂತರ ನಲಿಕಲಿ ಕೋಣೆಗೆ ಹೋಗುತ್ತಾರೆ. ಮೂರು ಪುಟ್ಟ ಕಥೆಪುಸ್ತಕ ಇವತ್ತೇ ಮನೆಗೆ ಕೊಟ್ಟು ಕಳಿಸಿದೆ. ಮುಚ್ಚಳದ ಲೆಕ್ಕ ಹೇಳಿದ ಹುಡುಗ ಮೊದಲು ಬೇಡ ಅಂದ. ಒಂದನೇ ತರಗತಿಯಲ್ಲಿ ಅವನ ತಂಗಿ ಇದ್ದಾಳೆ ಅಂತ ನೆನಪಿಸಿದ ಮೇಲೆ ದೊಡ್ಡ ಪುಸ್ತಕವನ್ನೇ ಆರಿಸಿಕೊಂಡ. ಮಕ್ಕಳ ಸಂತೆ ಡಿಸೆಂಬರ್‌ನಲ್ಲಿ. ಸೊಪ್ಪಿನ ಅಣ್ಣ ಹೇಳಿದ ಹಾಗೆ ದುಡ್ಡು ಕೊಟ್ಟೇ ಸಾಮಾನು ತರಬೇಕು ಅಂತ ಮಾಡುತ್ತೇವೆ.

ಇನ್ನೊಂದು ವಿಷಯ. ಇವತ್ತು ಅರ್ಧ ದಿನದ ಶಾಲೆ. ಬ್ಯಾಗ್ ಹಾಕಿಕೊಂಡು ಗೇಟಿನವರೆಗೆ ಹೋದ ಆ ಹುಡುಗಿ ವಾಪಸ್ ಬಂದಳು. "ಟೀಚರ್, ಹಾಗಾದರೆ ಅರ್ಧದಿಂದ ಗುಣಿಸಿದರೆ ಕಡಿಮೆ ಆಗುತ್ತಾ?" ಅಂದಳು. ನಾನು ಈ ಸಲ ಉತ್ತರ ಹೇಳಲಿಲ್ಲ. ಸೋಮವಾರ ನೀನೇ ಲೋಟ ಹಿಡ್ಕೊಂಡು ತೋರಿಸು ಅಂದಿದ್ದೇನೆ.